ಬೋಳು ಮರದ ಲೆಕ್ಕ

(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಗಿರಣಿಯ ಗುಮಾಸ್ತ. ಮೆಟ್ರಿಕ್ ಮುಗಿಸಿದವನೇ ಹೊರತು ಪಂಡಿತನಲ್ಲ. ಆದರೂ ನಮ್ಮ ಅಂಗಳದ ಹೊಂಗೆಮರದ ಪರವಾಗಿ ನಾಲ್ಕು ಮಾತು ಹೇಳಬೇಕಾಗಿದೆ. ಮರ ಬೋಳಾಗಿದೆ, ಸತ್ತಿರಬೇಕು, ಕಡಿಸಿಬಿಡೋಣ ಎಂದು ಕೆಲವು ಸದಸ್ಯರ ಸೂಚನೆ. ಹೋದ ವಾರದವರೆಗೆ ನಾನೂ ಅವರ ಪಕ್ಷದವನೇ. ಇಲ್ಲಿಯ ಕಪಾಟಿನ ಒಂದೆರಡು ಪುಸ್ತಕ ಓದಿದ ಮೇಲೆ ಮನಸ್ಸು ಬದಲಾಯಿತು.

ಎಲೆಯೇ ಮರದ ಅಡಿಗೆಮನೆ. ಆದರೆ ಅದರ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಿರುತ್ತದೆ. ಚೆನ್ನೈಗೆ ವರ್ಷದ ಮಳೆಯಲ್ಲಿ ಅರ್ಧಕ್ಕೂ ಹೆಚ್ಚು ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ಜನವರಿ ಕಳೆದರೆ ನೆಲ ಒಣಗುತ್ತದೆ. ವರಮಾನ ನಿಂತಾಗ ಖರ್ಚು ತಗ್ಗಿಸುವ ವಿದ್ಯೆ ನಮಗೆಲ್ಲ ಗೊತ್ತು. ಮರ ಮಾಡುವುದೂ ಅದನ್ನೇ.

ಅದು ಎಲೆಯನ್ನು ಸುಮ್ಮನೆ ಚೆಲ್ಲುವುದಿಲ್ಲ. ಮೊದಲು ಪತ್ರಹರಿತ್ತನ್ನು ಒಡೆದು, ಎಲೆಯಲ್ಲಿದ್ದ ಸಾರಜನಕ, ರಂಜಕಗಳಲ್ಲಿ ಒಳ್ಳೆಯ ಪಾಲನ್ನು ಕೊಂಬೆಗೆ ಹಿಂತೆಗೆದುಕೊಳ್ಳುತ್ತದೆ. ಹಸಿರು ಹೋದೊಡನೆ, ಮೊದಲೇ ಒಳಗಿದ್ದ ಹಳದಿ ಕಾಣುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ತೆಳುವಾದ ಪದರ ಸಡಿಲುತ್ತದೆ. ಕೊಂಬೆಯ ಕಡೆಯ ಗಾಯ ಬಿರಟೆಯಂತೆ ಮುಚ್ಚಿಕೊಳ್ಳುತ್ತದೆ. ಗಾಳಿಗೆ ಬೀಳುವುದು ಬರಿಯ ಲಕೋಟೆ. ಹಣ ಖಜಾನೆ ಸೇರಿರುತ್ತದೆ.

ಇನ್ನು ಚಿಗುರುವ ಕಾಲ. ನಮ್ಮ ಬಂಡೀಪುರ, ನಾಗರಹೊಳೆಗಳ ತೇಗ ಬೇಸಗೆಯಲ್ಲಿ ಬೋಳಾಗಿದ್ದು ಮಳೆ ಬಂದಾಗ ಎಲೆ ತುಂಬಿಕೊಳ್ಳುತ್ತದೆ. ಹೊಂಗೆ, ಬೇವುಗಳು ಮಳೆಗೆ ಕಾಯುವುದಿಲ್ಲ. ಬಿಸಿಲು ಏರುತ್ತಿರುವಾಗಲೇ, ಯುಗಾದಿಯ ಹೊತ್ತಿಗೆ, ತಳಿರೊಡೆಯುತ್ತವೆ. ನೀರೆಲ್ಲಿಂದ? ಎಲೆ ಉದುರಿಸಿ ಕಾಂಡದಲ್ಲಿ ಉಳಿಸಿದ್ದು, ಆಳದ ಬೇರು ತಂದದ್ದು. ಕಾಲ ತಿಳಿಯುವುದು ಹೇಗೆ? ಹಿಮದ ದೇಶಗಳಲ್ಲಿ ಹಗಲಿನ ಏರಿಳಿತ ದೊಡ್ಡದು. ಚೆನ್ನೈಯಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಅಂತರ ಸುಮಾರು 1½ ಗಂಟೆ ಮಾತ್ರ. ಉಷ್ಣವಲಯದ ಹಲವು ಮರಗಳು ಇಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸಿ ಚಿಗುರುತ್ತವೆಂದು ವಿಜ್ಞಾನಿಗಳ ಅಭಿಪ್ರಾಯ.

ನಿನ್ನೆ ಸಂಜೆ ನಮ್ಮ ಹೊಂಗೆಯ ರೆಂಬೆಯನ್ನು ಉಗುರಿನಿಂದ ಗೀರಿ ನೋಡಿದೆ. ಒಣ ತೊಗಟೆಯ ಕೆಳಗೆ ಹಸಿ ಹಸಿರು! ಸಂಶಯವಿದ್ದವರು ಈಗಲೇ ಹೋಗಿ ನೋಡಬಹುದು.

ಕೆಲಸವಿಲ್ಲದ ತಿಂಗಳುಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆಗ ಯಾರಾದರೂ ನಮ್ಮ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದ್ದರೆ ಒಪ್ಪುತ್ತಿದ್ದೆವೆ? ಆದ್ದರಿಂದ ನನ್ನ ಬಿನ್ನಹ ಎರಡೇ: ಯುಗಾದಿಯವರೆಗೆ ಕೊಡಲಿ ಬೇಡ, ಗುಡಿಸಿದ ತರಗೆಲೆಗೆ ಬೆಂಕಿ ಹಚ್ಚದೆ ಮರದ ಬುಡಕ್ಕೇ ಹಾಕೋಣ. ಗುಡಿಸುವ ಸರದಿಯಲ್ಲಿ ಮೊದಲ ಹೆಸರು ನನ್ನದಿರಲಿ.