ಲಾರಿ ತೊಳೆದ ನೀರು

ನಮ್ಮ ಅಡಿಗೆಮನೆಗೆ ಬರುವ ಅಕ್ಕಿ, ಬೇಳೆ, ಬೆಲ್ಲ, ತರಕಾರಿಗಳಲ್ಲಿ ಲಾರಿಯ ಋಣವಿಲ್ಲದ ಪದಾರ್ಥ ಅಪರೂಪ. ಸಂಡೂರಿನ ಅದಿರು, ವಾಡಿಯ ಸಿಮೆಂಟು, ಮಲ್ಪೆಯ ಮೀನು ಎಲ್ಲವೂ ಅದರ ಬೆನ್ನೇರಿಯೇ ಊರೂರು ಸುತ್ತುತ್ತವೆ. ಹೀಗೆ ದುಡಿದು ಬಂದ ಲಾರಿಯ ಮೈಗೆ ಧೂಳು, ಕೆಸರು, ಗ್ರೀಸು ಮೆತ್ತಿಕೊಳ್ಳುವುದು ಸಹಜ. ಅದನ್ನು ತೊಳೆಯುವುದು ಮಾಲೀಕರ ಪಾಡು, ನಮಗೇನು ಎಂದು ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ಆದರೆ ತೊಳೆಯುವ ನೀರು ಊರಿನದು. ತೊಳೆದ ಮೇಲೆ ಅದು ಸೇರುವ ಕೆರೆಯೂ ಊರಿನದು. ಆದ್ದರಿಂದ ಈ ವಿಚಾರವನ್ನು ಎಲ್ಲರೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಹಿಂದೆ ಈ ಕೆಲಸ ಕ್ಲೀನರ್ ಹುಡುಗನ ಪಾಲಿನದಾಗಿತ್ತು. ದಾರಿಯಲ್ಲಿ ಕೆರೆಯೋ ಕಾಲುವೆಯೋ ಸಿಕ್ಕಿದರೆ ಲಾರಿಯನ್ನು ಅಂಚಿಗಿಳಿಸಿ, ಬಕೆಟ್ಟಿನಲ್ಲಿ ನೀರು ಎರಚಿ, ಹಳೆಯ ಗೋಣಿ ಚೀಲದಿಂದ ಉಜ್ಜುವುದು ವಾಡಿಕೆ. ಆಯುಧಪೂಜೆಯ ಹಿಂದಿನ ದಿನವಂತೂ ಈ ಉಜ್ಜಾಟಕ್ಕೆ ಕೊನೆಯೇ ಇರುತ್ತಿರಲಿಲ್ಲ. ಆಮೇಲೆ ಹೆದ್ದಾರಿಯ ಬದಿಗಳಲ್ಲಿ ವಾಟರ್ ಸರ್ವಿಸ್ ಕೇಂದ್ರಗಳು ಎದ್ದುವು. ಹತ್ತಿಪ್ಪತ್ತು ಲಾರಿಗಳಿರುವ ಸಂಸ್ಥೆಗೆ ಅಲ್ಲಿ ಒಂದೊಂದನ್ನೇ ಸರದಿಯಲ್ಲಿ ನಿಲ್ಲಿಸುವುದೆಂದರೆ ಬಾಡಿಗೆಯ ಹೊತ್ತು ಕಳೆದುಕೊಂಡಂತೆ. ಈ ತೊಡಕನ್ನು ನಿವಾರಿಸಲು ಬಂದುದೇ ಸಂಚಾರಿ ತೊಳೆತದ ವ್ಯವಸ್ಥೆ. ನೀರಿನ ತೊಟ್ಟಿ, ಪಂಪು, ಉದ್ದನೆಯ ಕೊಳವೆಗಳನ್ನು ಹೊತ್ತ ಸಣ್ಣ ವಾಹನವೊಂದು ರಾತ್ರಿಯೋ ಭಾನುವಾರವೋ ಲಾರಿಗಳು ತಂಗುವ ಅಂಗಳಕ್ಕೇ ಬಂದು ಕೆಲಸ ಮುಗಿಸಿ ಹೋಗುತ್ತದೆ.

ಇದರ ಶಕ್ತಿಯೆಲ್ಲ ಒತ್ತಡದಲ್ಲಿದೆ. ಹತ್ತು ಮೀಟರ್ ಎತ್ತರದ ತೊಟ್ಟಿಯಿಂದ ನಲ್ಲಿಗಿಳಿದ ನೀರಿಗೆ ಸುಮಾರು 1 ಬಾರ್ ಒತ್ತಡವಿರುತ್ತದೆ. ಈ ಯಂತ್ರಗಳು ಸಾಮಾನ್ಯವಾಗಿ 100ರಿಂದ 150 ಬಾರ್ ಒತ್ತಡದಲ್ಲಿ ನೀರನ್ನು ಚಿಮ್ಮಿಸುತ್ತವೆ. ಬಿಸಿನೀರನ್ನು ಹೀಗೆ ಚಿಮ್ಮಿಸುವ ಯಂತ್ರವನ್ನು 1950ರಲ್ಲಿ ಜರ್ಮನಿಯ ಆಲ್ಫ್ರೆಡ್ ಕಾರ್ಷರ್ ಎಂಬ ಎಂಜಿನಿಯರು ಸಿದ್ಧಪಡಿಸಿದರು. ಜಿಡ್ಡು ಬಿಡಿಸಲು ಬಿಸಿನೀರು ಮೇಲೆಂಬುದು ಪಾತ್ರೆ ತೊಳೆಯುವ ಪ್ರತಿಯೊಬ್ಬ ಗೃಹಿಣಿಗೂ ಗೊತ್ತು.

ತೊಳೆಯುವುದು ಕೇವಲ ಅಂದಕ್ಕೆಂದು ತಿಳಿಯಬಾರದು. ಕೆಸರು ಹೋದ ಮೇಲೆಯೇ ಚಾಸಿಸ್ಸಿನ ಬಿರುಕು, ಕಮಾನಿನ ಮುರಿದ ಪಟ್ಟಿ, ಸೋರುವ ಎಣ್ಣೆ, ಸವೆದ ಬ್ರೇಕಿನ ಕೊಳವೆ ಕಣ್ಣಿಗೆ ಬೀಳುವುದು. ಹಿಂಬದಿಯ ದೀಪ, ಹೊಳೆಯುವ ಪಟ್ಟಿಗಳ ಮೇಲೆ ಮಣ್ಣು ಕೂತರೆ ರಾತ್ರಿ ಹಿಂದೆ ಬರುವವರಿಗೆ ಲಾರಿಯೇ ಕಾಣದು. ಮೀನು ಸಾಗಿಸಿದ ಲಾರಿಯಿಂದ ಉಪ್ಪುನೀರನ್ನು ಬೇಗ ತೊಳೆಯದಿದ್ದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಸಿಮೆಂಟು ಹೊತ್ತ ಲಾರಿಯ ರೀತಿ ಬೇರೆ. ಮೊದಲು ಒಣ ಪೊರಕೆಯಿಂದ ಗುಡಿಸಿ ತೆಗೆಯದೆ ನೀರು ಬಿಟ್ಟರೆ ಅದು ಅಲ್ಲಿಯೇ ಗಟ್ಟಿಯಾಗಿ ಕೂರುತ್ತದೆ. ಇಂಥ ವ್ಯತ್ಯಾಸ ಬಲ್ಲವರೇ ಕೆಲಸ ಬಲ್ಲವರು.

ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಒತ್ತಡಕ್ಕೂ ಸಲ್ಲುತ್ತದೆ. ನೀರಿನ ಸೆಲೆಯನ್ನು ಟೈರಿಗೆ ತೀರ ಹತ್ತಿರ ಹಿಡಿದರೆ ಅದರ ಪಕ್ಕದ ಗೋಡೆಗೆ ಒಳಗಿಂದೊಳಗೇ ಪೆಟ್ಟಾಗಬಹುದು; ಆ ಪೆಟ್ಟು ಮುಂದೆ ಹೆದ್ದಾರಿಯಲ್ಲಿ ಟೈರು ಸಿಡಿಯಲು ಕಾರಣವಾದೀತು. ಕನಿಷ್ಠ ಒಂದಡಿಯ ಅಂತರ ಬೇಕು. ರೇಡಿಯೇಟರಿನ ತೆಳು ರೆಕ್ಕೆಗಳು, ವಿದ್ಯುತ್ ತಂತಿಯ ಜೋಡಣೆಗಳು, ಚಕ್ರದ ಬೇರಿಂಗುಗಳ ಮೇಲೆ ನೇರ ಸೆಲೆ ಬೀಳಬಾರದು. ಗ್ರೀಸು ತೊಳೆದುಹೋದ ಕೀಲುಗಳಿಗೆ ಮತ್ತೆ ಗ್ರೀಸು ಹಾಕಲೇಬೇಕು.

ಇನ್ನು ಮುಖ್ಯ ವಿಚಾರಕ್ಕೆ ಬರೋಣ. ಇಂಥ ಸೇವೆಯನ್ನು ಗೊತ್ತುಮಾಡುವವರು ದರ ಕೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು. ನೀರು ಎಲ್ಲಿಂದ ತರುತ್ತೀರಿ? ತೊಳೆದ ನೀರನ್ನು ಎಲ್ಲಿಗೆ ಕಳಿಸುತ್ತೀರಿ?

ಮೊದಲನೆಯದಕ್ಕೆ ಒಂದು ಸಣ್ಣ ಲೆಕ್ಕ. ಯಂತ್ರ ನಿಮಿಷಕ್ಕೆ 12 ಲೀಟರ್ ನೀರು ಬಿಡುವುದೆಂದೂ, ಒಂದು ಲಾರಿಗೆ ಇಪ್ಪತ್ತು ನಿಮಿಷ ಹಿಡಿಯುವುದೆಂದೂ ಇಟ್ಟುಕೊಳ್ಳೋಣ. ಲಾರಿಗೆ 240 ಲೀಟರ್, ಇಪ್ಪತ್ತು ಲಾರಿಗೆ 4,800 ಲೀಟರ್ ಆಯಿತು. ತೆರೆದ ಪೈಪಿನಲ್ಲಿ ತೊಳೆದರೆ ಇದರ ಹಲವು ಪಟ್ಟು ಬೇಕಾದೀತು, ನಿಜ. ಆದರೂ ಸಾವಿರ ಲೀಟರಿನ ತೊಟ್ಟಿ ಹೊತ್ತು ಬಂದವನು ಮಿಕ್ಕದ್ದನ್ನು ಎಲ್ಲಿಂದಲೋ ತುಂಬಿಕೊಳ್ಳಲೇಬೇಕು. ಅದು ಕುಡಿಯುವ ನೀರಾಗಬಾರದು. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಬಲದಿಂದ ಏರಿ ಬರುವಂಥದು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರ ಪರದಾಡಿದಾಗ, ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ಜಲಮಂಡಳಿ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಕಟ್ಟಳೆ ಬಂತು. ಸಂಸ್ಕರಿಸಿದ ನೀರು, ಕೂಡಿಟ್ಟ ಮಳೆನೀರು ಈ ಕೆಲಸಕ್ಕೆ ಸಾಕು. ಸಂಸ್ಕರಿಸಿದ ನೀರಾದರೆ ಅದರ ತುಂತುರು ಉಸಿರಿಗೆ ಸೇರದಂತೆ ಕೆಲಸಗಾರ ಮುಖಕ್ಕೆ ಮುಸುಕು ಕಟ್ಟಿಕೊಳ್ಳಬೇಕು.

ಎರಡನೆಯ ಪ್ರಶ್ನೆ ಇನ್ನೂ ದೊಡ್ಡದು. ತೊಳೆದ ನೀರಿನಲ್ಲಿ ಎಣ್ಣೆ, ಗ್ರೀಸು, ಸೋಪು, ಲೋಹದ ಪುಡಿ ಇರುತ್ತವೆ. ಅಂಗಳದಿಂದ ಹರಿದು ಮಳೆನೀರಿನ ಚರಂಡಿಗೆ ಬಿದ್ದರೆ ಅದು ರಾಜಕಾಲುವೆಯ ಮೂಲಕ ನೇರವಾಗಿ ಕೆರೆ ಸೇರುತ್ತದೆ. ನಡುವೆ ಶುದ್ಧಿಮಾಡುವವರು ಯಾರೂ ಇಲ್ಲ. ಬೆಳ್ಳಂದೂರು ಕೆರೆಯ ಮೇಲೆ ನೊರೆ ಗುಡ್ಡೆಗಟ್ಟಿ ಬೀದಿಗೆ ಹಾರಿದುದನ್ನೂ, 2015ರಲ್ಲಿ ಮತ್ತು 2017ರಲ್ಲಿ ಆ ಕೆರೆಗೆ ಬೆಂಕಿ ಹೊತ್ತಿಕೊಂಡುದನ್ನೂ ನಾಡೆಲ್ಲ ನೋಡಿತು. ಅದಕ್ಕೆ ನಗರದ ಕೊಳೆನೀರು ಮುಖ್ಯ ಕಾರಣ. ಲಾರಿಗಳ ಮೇಲಷ್ಟೇ ತಪ್ಪು ಹೊರಿಸುವಂತಿಲ್ಲ. ಆದರೆ ಕೆರೆ ಕೆಡುವುದು ಹೀಗೆ ಹತ್ತು ಕಡೆಯಿಂದ ಬಂದ ಹನಿಗಳಿಂದಲೇ. 1974ರ ಜಲಮಾಲಿನ್ಯ ನಿವಾರಣೆಯ ಕಾಯಿದೆಯೂ ಹೊಳೆ, ಬಾವಿಗಳಿಗೆ ಮಲಿನ ವಸ್ತು ಬಿಡುವುದನ್ನು ನಿಷೇಧಿಸಿದೆ.

ಉಪಾಯ ಕಷ್ಟವಲ್ಲ. ಸಿಮೆಂಟಿನ ಹಾಸಿನ ಮೇಲೆ, ಇಳಿಜಾರು ಗುಂಡಿಯ ಕಡೆಗಿರುವಂತೆ ಲಾರಿ ನಿಲ್ಲಿಸಬೇಕು. ಚರಂಡಿಯ ಬಾಯಿ ಮುಚ್ಚಬೇಕು. ಗುಂಡಿಯಲ್ಲಿ ಮಣ್ಣು ತಳಕ್ಕಿಳಿಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಎಣ್ಣೆಯನ್ನು ಬೇರೆ ತೆಗೆದು, ಹಳೆಯ ಎಣ್ಣೆ ಕೊಳ್ಳಲು ಅನುಮತಿಯುಳ್ಳವರಿಗೆ ಕೊಡಬೇಕು. ಸೋಪು ಹೆಚ್ಚಾದರೆ ಎಣ್ಣೆ ನೀರಿನೊಡನೆ ಬೆರೆತು ತೇಲದೆ ಹೋಗುತ್ತದೆ. ಆದ್ದರಿಂದ ಸೋಪು ಹಿತಮಿತವಾಗಿರಲಿ.

ಕೆಲಸಗಾರನನ್ನು ಮರೆಯಬಾರದು. ಈ ಸೆಲೆ ಚರ್ಮವನ್ನು ಭೇದಿಸಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಅಪಾಯವಿರುತ್ತದೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಲಿಗೆ ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ ಬೇಕು. ಪೆಟ್ರೋಲಿನ ಪಂಪನ್ನು ಮುಚ್ಚಿದ ಶೆಡ್ಡಿನಲ್ಲಿ ಓಡಿಸಿದರೆ ವಿಷಾನಿಲ ತುಂಬಿಕೊಳ್ಳುತ್ತದೆ.

ಒಪ್ಪಂದವನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಲೇಸು. ಎಷ್ಟು ಲಾರಿ, ಯಾವ ಭಾಗ, ಯಾವ ದಿನ, ಯಾವ ನೀರು, ಕೊಳೆನೀರಿನ ವಿಲೇವಾರಿ ಯಾರದು, ನಷ್ಟವಾದರೆ ತುಂಬುವವರು ಯಾರು ಎಂಬುದು ಅದರಲ್ಲಿರಲಿ. ಮೊದಲು ಒಂದೇ ಲಾರಿಯನ್ನು ತೊಳೆಯಿಸಿ ನೋಡಲಿ. ಲಾರಿಗೆ ಐವತ್ತು ರೂಪಾಯಿ ಕಡಿಮೆ ಹೇಳಿದವನು ಆ ಐವತ್ತನ್ನು ಚರಂಡಿಯ ಬಾಯಲ್ಲಿ ಉಳಿಸಿದ್ದಾನೆಯೇ ಎಂದು ವಿಚಾರಿಸಲಿ. ಹಾಗೆ ಉಳಿದ ಹಣವನ್ನು ಕೊನೆಗೆ ತೆರುವವರು ಕೆರೆಯ ಕೆಳಗಿನ ರೈತರು, ಅಲ್ಲಿ ಬೆಳೆದ ಸೊಪ್ಪು ಕೊಳ್ಳುವ ನಾವು. ನಿಮ್ಮ ಬೀದಿಯ ಅಂಗಳದಲ್ಲಿ ಲಾರಿ ತೊಳೆಯುವುದು ಕಂಡರೆ ಆ ನೀರು ಯಾವ ಕಡೆ ಹರಿಯುತ್ತಿದೆಯೆಂದು ನೋಡಿ. ಚರಂಡಿಯ ಕಡೆಗಾದರೆ ಸೌಜನ್ಯದಿಂದಲೇ ಒಂದು ಮಾತು ಕೇಳಿ. ಆ ಮಾತು ಕೇಳುವ ಅಧಿಕಾರ ನೀರು ಕುಡಿಯುವ ಪ್ರತಿಯೊಬ್ಬರಿಗೂ ಇದೆ.