ಕಾಲ್ಚೆಂಡಿನ ಕಣದಿಂದ ಶಾಲೆಯ ಅಂಗಳಕ್ಕೆ: ಜಿ. ಓ. ಸ್ಮಿತ್



ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದು ಪಿಕಡಿಲಿ ಮಾರ್ಗದ ರೈಲು ಹಿಡಿದವರಿಗೆಲ್ಲ ಕಾಕ್‌ಫಾಸ್ಟರ್ಸ್ ಎಂಬ ಹೆಸರು ಪರಿಚಿತ. ಎಂ.ಬಿ.ಬಿ.ಎಸ್. ಮುಗಿಸಿ ಹೆಚ್ಚಿನ ತರಬೇತಿಗೆಂದು ಈ ದೇಶಕ್ಕೆ ಬಂದ ದಿನ ನಾವೂ ಅದನ್ನು ರೈಲಿನ ಹಣೆಯ ಮೇಲೆ ಓದಿದೆವು. ಆ ಕೊನೆಯ ನಿಲ್ದಾಣದ ಊರಿನಲ್ಲಿ ಏನಿತ್ತೆಂದು ತಿಳಿಯುವ ಕುತೂಹಲ ಮಾತ್ರ ಬಹುಕಾಲ ಹುಟ್ಟಲಿಲ್ಲ. ಅಲ್ಲಿ ಲಡ್‌ಗ್ರೋವ್ ಎಂಬ ಶಾಲೆಯಿತ್ತು. ಇಂಗ್ಲೆಂಡಿನ ಕಾಲ್ಚೆಂಡು ತಂಡದ ನಾಯಕರಾಗಿದ್ದ ಗಿಲ್ಬರ್ಟ್ ಆಸ್ವಾಲ್ಡ್ ಸ್ಮಿತ್ ಅದರ ಮುಖ್ಯೋಪಾಧ್ಯಾಯರಾಗಿದ್ದರು.

ಸ್ಮಿತ್ ಉಬ್ಬಸ ರೋಗಿ. ನಮ್ಮ ಆಸಕ್ತಿಯ ಮೂಲ ಇದು. ನಾವೂ ಬಾಲ್ಯದಲ್ಲಿ ಉಬ್ಬಸದವರೇ. ಆಟದ ಪಿರಿಯಡ್ಡಿನಲ್ಲಿ ಗೆಳೆಯರ ಚಪ್ಪಲಿಗಳನ್ನು ಕಾಯುತ್ತ ಶಾಲೆಯ ಜಗುಲಿಯ ಮೇಲೆ ಕುಳಿತದ್ದೇ ನಮ್ಮ ಕ್ರೀಡಾಜೀವನ.

1872ರಲ್ಲಿ ಕ್ರಾಯ್ಡನ್ನಿನಲ್ಲಿ ಜನಿಸಿದ ಸ್ಮಿತ್ ಚಾರ್ಟರ್‌ಹೌಸ್ ಶಾಲೆಯಲ್ಲೂ ಆಕ್ಸ್‌ಫರ್ಡಿನ ಕೀಬಲ್ ಕಾಲೇಜಿನಲ್ಲೂ ಓದಿದರು. ಕ್ರಿಕೆಟ್ ಪ್ರಿಯರಿಗೆ ಒಂದು ಮಾತು: 1896ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಕೇಂಬ್ರಿಜ್ ವಿರುದ್ಧ ಗೆಲ್ಲಲು ಆಕ್ಸ್‌ಫರ್ಡಿಗೆ 330 ಓಟಗಳು ಬೇಕಿದ್ದಾಗ 132 ಓಟ ಹೊಡೆದು ಗೆಲುವಿಗೆ ಕಾರಣರಾದವರು ಇವರೇ. ಆದರೆ ಕೀರ್ತಿ ಬಂದದ್ದು ಕಾಲ್ಚೆಂಡಿನಿಂದ. 1893ರಿಂದ 1901ರವರೆಗೆ ಇಂಗ್ಲೆಂಡಿನ ಪರವಾಗಿ 20 ಪಂದ್ಯಗಳು, 11 ಗೋಲುಗಳು.

ಸೆಂಟರ್ ಫಾರ್ವರ್ಡ್ ಆಟಗಾರನಿಗೆ ಇದು ದೊಡ್ಡ ಸಂಖ್ಯೆಯಲ್ಲ. ಹನ್ನೊಂದರಲ್ಲಿ ನಾಲ್ಕು 1899ರಲ್ಲಿ ಐರ್ಲೆಂಡನ್ನು 13-2ರಿಂದ ಸೋಲಿಸಿದ ಒಂದೇ ಪಂದ್ಯದಲ್ಲಿ ಬಂದವು. ಅವರ ಪಕ್ಕದಲ್ಲಿ ಆಡುತ್ತಿದ್ದ ಸ್ಟೀವ್ ಬ್ಲೂಮರ್ ತಮ್ಮ ಆಟದ ಜೀವನದಲ್ಲಿ 23 ಪಂದ್ಯಗಳಿಂದ 28 ಗೋಲು ಗಳಿಸಿದರು. ಎದುರಾಳಿಗಳನ್ನು ತಮ್ಮತ್ತ ಸೆಳೆದು, ಅವರು ಮೈಮೇಲೆ ಬೀಳುವ ಕ್ಷಣಕ್ಕೆ ಚೆಂಡನ್ನು ಜೊತೆಗಾರನಿಗೆ ದಾಟಿಸಿಬಿಡುವುದೇ ಸ್ಮಿತ್ತರ ವಿದ್ಯೆ. ಕೃಶ ಶರೀರದ ಅವರು ತಳ್ಳಾಟದಲ್ಲಿ ಗೆಲ್ಲುವವರಾಗಿರಲಿಲ್ಲ.

ಇಲ್ಲಿ ವೈದ್ಯನ ಕಣ್ಣಿನಿಂದ ಒಂದು ಊಹೆ, ಊಹೆಯೆಂದೇ ತಿಳಿಯಿರಿ. ತಣ್ಣನೆಯ ಒಣಗಾಳಿಯಲ್ಲಿ ಬಿಡದೆ ಓಡಿದರೆ ಉಬ್ಬಸದವರ ಶ್ವಾಸನಾಳಗಳು ಬಿಗಿಯುತ್ತವೆ. ಸ್ವಲ್ಪ ಓಡಿ, ಸ್ವಲ್ಪ ನಿಂತು ಆಡಿದರೆ ಅಷ್ಟು ಬಾಧಿಸುವುದಿಲ್ಲ. ಇಂಗ್ಲೆಂಡಿನ ಚಳಿಗಾಲದ ಆಟವನ್ನು ಅವರು ಕಾಲಿಗಿಂತ ಹೆಚ್ಚಾಗಿ ಕಣ್ಣಿನಿಂದ ಆಡಲು ಕಲಿತದ್ದಕ್ಕೆ ಇದೂ ಒಂದು ಕಾರಣವಿರಬಹುದೇ? ನಮ್ಮ ಇಂದಿನ ಸಾಲ್ಬುಟಮಾಲ್ ಇನ್‌ಹೇಲರ್ ಬಂದದ್ದು 1969ರಲ್ಲಿ. ಅವರ ಕಾಲದಲ್ಲಿ ಗಟ್ಟಿ ಕಾಫಿ, ಇಲ್ಲವೇ ದತ್ತೂರದ ಹೊಗೆ. ಈ ಹೊಗೆಯ ಚಿಕಿತ್ಸೆ 19ನೆಯ ಶತಮಾನದ ಆದಿಯಲ್ಲಿ ನಮ್ಮ ಮದರಾಸಿನ ಕಡೆಯಿಂದ ಬ್ರಿಟನ್ನಿಗೆ ಬಂದದ್ದೆಂಬುದು ನಮಗೆ ಸ್ವಾರಸ್ಯವೆನಿಸುತ್ತದೆ.

ಸ್ಮಿತ್ ಹವ್ಯಾಸಿ ಆಟಗಾರರು. ಬ್ಲೂಮರ್ ಸಂಬಳಕ್ಕೆ ಆಡುವ ವೃತ್ತಿಪರರು. ಅಂದಿನ ಇಂಗ್ಲೆಂಡಿನಲ್ಲಿ ಈ ಎರಡು ವರ್ಗಗಳ ನಡುವೆ ನಮ್ಮ ಪಂಕ್ತಿಭೇದಕ್ಕೆ ಕಡಮೆಯಿಲ್ಲದ ಅಂತರವಿತ್ತು. ತಮ್ಮಂಥ ವೃತ್ತಿಪರರ ಕೈಯನ್ನು ಮನಃಪೂರ್ವಕವಾಗಿ ಕುಲುಕುತ್ತಿದ್ದವರು ಸ್ಮಿತ್ ಎಂದು ಬ್ಲೂಮರ್ ಮುಂದೆ ನೆನೆದರು.

ಲಡ್‌ಗ್ರೋವ್ ಶಾಲೆಯನ್ನು 1892ರಲ್ಲಿ ಸ್ಥಾಪಿಸಿದ ಆರ್ಥರ್ ಡನ್ ಕೂಡ ಇಂಗ್ಲೆಂಡಿನ ಪರ ಆಡಿದವರೇ. 1902ರಲ್ಲಿ, ಕೇವಲ 41ರ ವಯಸ್ಸಿನಲ್ಲಿ, ಡನ್ ತೀರಿಕೊಂಡರು. ಅಲ್ಲಿ ಉಪಾಧ್ಯಾಯರಾಗಿದ್ದ ಸ್ಮಿತ್, ಇಂಗ್ಲೆಂಡ್ ತಂಡದ ರಕ್ಷಣೆಯ ಆಟಗಾರರಾಗಿದ್ದ ಗೆಳೆಯ ವಿಲಿಯಂ ಓಕ್ಲಿಯವರೊಡನೆ ಸೇರಿ ಶಾಲೆಯ ಹೊಣೆ ಹೊತ್ತರು. ಆಗ ಅವರಿಗೆ 29 ವರ್ಷ. ಎಂಟರಿಂದ ಹದಿಮೂರು ವರ್ಷದ ಹುಡುಗರ ವಸತಿಶಾಲೆ, ಇಬ್ಬರು ಮುಖ್ಯೋಪಾಧ್ಯಾಯರು. ಒಂದು ಒರೆಯಲ್ಲಿ ಎರಡು ಕತ್ತಿ ನಿಲ್ಲವೆಂಬ ಗಾದೆ ಇಲ್ಲಿ ಇಪ್ಪತ್ತು ವರ್ಷ ಸುಳ್ಳಾಯಿತು. ಡನ್ನರ ಹೆಸರಿನ ಪದಕ ಪಂದ್ಯಾವಳಿಯ ಮೊದಲ ವರ್ಷ, 1903ರಲ್ಲಿ, ಇವರಿಬ್ಬರು ಓದಿದ್ದ ಶಾಲೆಗಳ ಹಳೆಯ ವಿದ್ಯಾರ್ಥಿಗಳ ತಂಡಗಳೇ ಅಂತಿಮ ಪಂದ್ಯದಲ್ಲಿ ಎದುರಾಗಿ, ಸಮಸಮವಾಗಿ, ಬಹುಮಾನವನ್ನು ಹಂಚಿಕೊಂಡವು.

ಅದು ಸಿರಿವಂತರ ಮಕ್ಕಳ ಶಾಲೆಯೆಂಬುದನ್ನು ನಾವು ಮರೆಯಬಾರದು. ಬ್ಲೂಮರರ ಮಕ್ಕಳಿಗೆ ಅಲ್ಲಿ ಪ್ರವೇಶವಿರುತ್ತಿರಲಿಲ್ಲ. ಮುಂದೆ ಪ್ರಧಾನಿಯಾದ ಅಲೆಕ್ ಡಗ್ಲಸ್-ಹ್ಯೂಮ್ ಇವರ ಕಾಲದ ವಿದ್ಯಾರ್ಥಿ. ಆದರೆ ಆ ಸಿರಿ ಒಂದು ವಿಪತ್ತಿನಿಂದ ಯಾರನ್ನೂ ಕಾಪಾಡಲಿಲ್ಲ. ಲೆಕ್ಕ ಸರಳ: 1906ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನಿಗೆ 1914ರಲ್ಲಿ ಹದಿನೆಂಟು. ಲಡ್‌ಗ್ರೋವಿನ ಹುಡುಗರು ಹೆಚ್ಚಾಗಿ ಸೇರುತ್ತಿದ್ದ ಈಟನ್ ಶಾಲೆಯೊಂದೇ ಆ ಯುದ್ಧದಲ್ಲಿ 1,150ಕ್ಕೂ ಹೆಚ್ಚು ಹಳೆಯ ವಿದ್ಯಾರ್ಥಿಗಳನ್ನು ಕಳೆದುಕೊಂಡಿತು. ಬೂಟಿನ ಲೇಸು ಕಟ್ಟಲು ಕಲಿಸಿದ ಹುಡುಗರ ಹೆಸರನ್ನು ದಿನಪತ್ರಿಕೆಯ ಮೃತರ ಪಟ್ಟಿಯಲ್ಲಿ ಹುಡುಕುವುದು ಎಂತಹ ಮುಖ್ಯೋಪಾಧ್ಯಾಯನಿಗೂ ಪಾಠಪಟ್ಟಿಯಲ್ಲಿಲ್ಲದ ಕೆಲಸ.

1922ರಲ್ಲಿ ಸ್ಮಿತ್ ಮುಖ್ಯೋಪಾಧ್ಯಾಯರ ಹುದ್ದೆಯನ್ನು ಬಿಟ್ಟರು. 1937ರಲ್ಲಿ ಶಾಲೆ ವೋಕಿಂಗಮ್ಮಿಗೆ ಸ್ಥಳಾಂತರಗೊಂಡಿತು. ಓಕ್ಲಿ 1934ರಲ್ಲಿಯೂ, ಸ್ಮಿತ್ 1943ರ ಡಿಸೆಂಬರಿನಲ್ಲಿ ತಮ್ಮ 71ನೆಯ ವಯಸ್ಸಿನಲ್ಲಿಯೂ ನಿಧನರಾದರು.

ಕಳೆದ ಚಳಿಗಾಲ ಕನ್ನಡದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. "ಡಾಕ್ಟ್ರೇ, ಇವನಿಗೆ ಆಟ ಬೇಡ ಅಂತ ಶಾಲೆಗೆ ಒಂದು ಚೀಟಿ ಬರೆದುಕೊಡಿ" ಎಂದರು. ನಾವು ಚೀಟಿ ಬರೆಯಲಿಲ್ಲ. ಆಟಕ್ಕೆ ಮುನ್ನ ಇನ್‌ಹೇಲರ್ ಬಳಸುವ ಕ್ರಮವನ್ನು ತೋರಿಸಿ, ಸ್ಮಿತ್ತರ ಕಥೆ ಹೇಳಿದೆವು. ಹುಡುಗ ಗಮನವಿಟ್ಟು ಕೇಳಿ, ಅವರು ಎಷ್ಟು ಗೋಲು ಹೊಡೆದರೆಂದು ವಿಚಾರಿಸಿದ. ಹನ್ನೊಂದು ಎಂದೆವು.

"ಅಷ್ಟೇನಾ?" ಎಂದ.

ಅವನಿಗೆ ಬ್ಲೂಮರರ ಕಥೆಯನ್ನೂ ಹೇಳಬೇಕಾಯಿತು. ಹೊರಗೆ ಕಾದಿದ್ದ ರೋಗಿಗಳು ನಮ್ಮನ್ನು ಕ್ಷಮಿಸಿರಬೇಕು.