ಮಸಣದ ನೆಲಕ್ಕೆ ಕಾನೂನು, ಕುಣಿ ತೋಡುವ ಕೈಗೆ?

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ, ಹಾಲಿನ ಡೇರಿಯೂ ಮೀಸಲು ಪೊಲೀಸರ ಬಿಡಾರವೂ ಕಾರ್ಖಾನೆಗಳ ಸಾಲೂ ಇರುವ ಮಾಚೇನಹಳ್ಳಿಯನ್ನು ವೀಕ್ಷಕರು ಈಗ ಕಾಣುತ್ತಿದ್ದಾರೆ. ಒಂದು ಕಡೆ ತುಂಗೆಯ ಪಟ್ಟಣ, ಮತ್ತೊಂದು ಕಡೆ ಭದ್ರೆಯ ಪಟ್ಟಣ. ನಡುವಣ ದಾರಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಇಷ್ಟು ಕಿರಿದಾದ ಅಂತರದಲ್ಲಿಯೇ ಅಂತ್ಯಸಂಸ್ಕಾರದ ನೆಲವನ್ನಾಳುವ ಶಾಸನವು ಎರಡು ಬಾರಿ ಬದಲಾಗುತ್ತದೆ: ಶಿವಮೊಗ್ಗದ ಮಹಾನಗರ ಪಾಲಿಕೆಗೆ 1976ರ ಕಾಯಿದೆ, ಭದ್ರಾವತಿಯ ನಗರಸಭೆಗೆ 1964ರ ಪುರಸಭೆಗಳ ಕಾಯಿದೆ, ನಡುವಣ ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯಿದೆ. ಈ ಮೂರು ಶಾಸನಗಳ ನೆರಳಿನಲ್ಲಿ ಹಾರೆ ಹಿಡಿದು ನಿಂತಿರುವ ಮನುಷ್ಯನೊಬ್ಬನಿದ್ದಾನೆ. ಆತನನ್ನು ರಾಜ್ಯವು ಎಂದು, ಎಷ್ಟರ ಮಟ್ಟಿಗೆ ಗುರುತಿಸಿತೆಂಬುದೇ ಇಂದಿನ ವಿಷಯ.

ಪೂರ್ವದಲ್ಲಿ ಈ ಕೆಲಸಕ್ಕೆ ಸರ್ಕಾರದ ಅಪ್ಪಣೆ ಬೇಕಾಗಿರಲಿಲ್ಲ, ಹುಟ್ಟೇ ಅಪ್ಪಣೆಯಾಗಿತ್ತು. ಸಾವಿನ ಸುದ್ದಿಯನ್ನು ಊರೂರಿಗೆ ಒಯ್ಯುವುದು, ಹಲಗೆ ಬಡಿಯುವುದು, ಕುಣಿ ತೋಡುವುದು, ಸೌದೆ ಒಟ್ಟುವುದು ಇವೆಲ್ಲ ದಲಿತ ಕೇರಿಯ ಮೇಲೆ ವಂಶಪಾರಂಪರ್ಯವಾಗಿ ಹೊರಿಸಲ್ಪಟ್ಟ ಚಾಕರಿಗಳಾಗಿದ್ದುವು. ಪ್ರತಿಫಲವೆಂದರೆ ಸುಗ್ಗಿಯಲ್ಲಿ ಕಣದಿಂದ ಬರುವ ಆಯ, ಕೆಲವರಿಗೆ ತುಂಡು ಇನಾಮು ಭೂಮಿ. ಒಲ್ಲೆನೆನ್ನುವ ಸ್ವಾತಂತ್ರ್ಯವಿಲ್ಲದ ಕೆಲಸವನ್ನು ವೃತ್ತಿಯೆಂದು ಕರೆಯಲು ನನಗೆ ಮನಸ್ಸು ಬಾರದು.

ಬ್ರಿಟಿಷರ ಕಾಲದಲ್ಲಿ ನಗರನೈರ್ಮಲ್ಯದ ಚಿಂತೆಯಿಂದ ಹುಟ್ಟಿದ ಪುರಸಭಾ ಶಾಸನಗಳು ಮೊದಲು ಕಣ್ಣಿಟ್ಟುದು ನೆಲದ ಮೇಲೆ. ಸ್ಮಶಾನವು ದಾಖಲೆಯಲ್ಲಿರಬೇಕು, ಹೊಸದನ್ನು ತೆರೆಯಲು ಪರವಾನಗಿ ಬೇಕು, ತುಂಬಿ ಹೋದುದನ್ನು ಮುಚ್ಚತಕ್ಕುದು, ಗೊತ್ತುಪಡಿಸದ ಸ್ಥಳದಲ್ಲಿ ಹೂಳುವುದೂ ಸುಡುವುದೂ ಅಪರಾಧ ಎಂಬ ಕಟ್ಟಳೆಗಳು ಹೀಗೆ ಬಂದುವು. ಆಗ ಮಂಗಳೂರು, ಬಳ್ಳಾರಿಗಳು ಸೇರಿದ್ದ ಮದರಾಸು ಪ್ರಾಂತದ 1920ರ ಜಿಲ್ಲಾ ಪುರಸಭೆಗಳ ಕಾಯಿದೆಯಲ್ಲಿ ಮಾತ್ರ, ಗಮನಿಸಬೇಕಾದ ಒಂದು ವಿಧಿಯಿತ್ತು: ಕುಣಿ ತೋಡುವವನೇ ಪುರಸಭೆಯಿಂದ ಲೈಸೆನ್ಸ್ ಪಡೆಯತಕ್ಕುದು. ಆದರೆ ಅದು ಊರಿನ ಆರೋಗ್ಯವನ್ನು ಕಾಯಲು ಬರೆದ ವಿಧಿಯೇ ಹೊರತು, ತೋಡುವವನ ಕೂಲಿಯನ್ನಾಗಲಿ ದೇಹವನ್ನಾಗಲಿ ಕಾಯಲು ಬರೆದುದಲ್ಲ.

ಅತ್ತ ಅಮೆರಿಕೆಯಲ್ಲಿ ಚರಿತ್ರೆ ಬೇರೊಂದು ದಾರಿ ಹಿಡಿಯಿತು. ಶವವನ್ನು ಕೆಡದಂತೆ ಕಾಪಿಡುವವರು ತಾವೇ ಸಂಘಟಿತರಾಗಿ ರಾಜ್ಯಗಳನ್ನು ಒತ್ತಾಯಿಸಿದುದರಿಂದ, 1894ರಲ್ಲಿ ವರ್ಜೀನಿಯಾ ರಾಜ್ಯವು ಅವರಿಗೆ ಪರವಾನಗಿ ಕೊಡುವ ಮಂಡಲಿಯೊಂದನ್ನು ಸ್ಥಾಪಿಸಿತು. ಬರಬರುತ್ತ ಇತರ ರಾಜ್ಯಗಳೂ ಅದನ್ನನುಸರಿಸಿದುವು. ಅಲ್ಲಿಯೂ ಕಾನೂನಿನಲ್ಲಿ ಬಿರುಕು ಉಳಿಯಿತು. 2002ರಲ್ಲಿ ಜಾರ್ಜಿಯಾ ರಾಜ್ಯದ ನೋಬಲ್ ಎಂಬ ಊರಿನ ಚಿತಾಗಾರವೊಂದರ ಆವರಣದಲ್ಲಿ, ದಹನವಾಯಿತೆಂದು ಬಂಧುಗಳು ನಂಬಿದ್ದ 334 ಶವಗಳು ಸುಡದೆಯೇ ಬಿದ್ದಿದ್ದುದು ಬಯಲಾಯಿತು. ಅಂಥ ಚಿತಾಗಾರವು ತಪಾಸಣೆಯಿಂದ ನುಣುಚಿಕೊಳ್ಳಲು ಎಡೆಯಿದ್ದ ಕಾನೂನನ್ನು ಆ ಬಳಿಕವೇ ತಿದ್ದಲಾಯಿತು.

ನಮ್ಮಲ್ಲಿ ಸ್ವಾತಂತ್ರ್ಯಾನಂತರ ನಡೆದ ದೊಡ್ಡ ಬದಲಾವಣೆಗಳು ಎರಡು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಹುದ್ದೆ ಹೋಯಿತು, ಕುಣಿ ತೋಡುವ ವಾಡಿಕೆ ಹೋಗಲಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯು ಶವಸಂಸ್ಕಾರಕ್ಕೆಂದು ಮೀಸಲಾದ ಸ್ಥಳದ ಪಾಲಕನ ಮೇಲೆ, ಮರಣವನ್ನು ನೋಂದಣಾಧಿಕಾರಿಗೆ ತಿಳಿಸುವ ಹೊಣೆಯನ್ನು ಹೊರಿಸಿತು. ನಗರದ ಚಿತಾಗಾರದ ಮೇಜಿನ ಮೇಲಿರುವ ಆ ಉದ್ದನೆಯ ಪುಸ್ತಕವನ್ನು ನೋಡಿರಿ: ಹೆಸರು, ವಯಸ್ಸು, ವಿಳಾಸ, ತಂದವರ ಸಹಿ, ಬೆಂಕಿಯಿಟ್ಟ ಹೊತ್ತು. ಅಲ್ಲಿ ಹರಿದುಕೊಡುವ ಚೀಟಿಯನ್ನು ಹಿಡಿದು ಮಗನು ಮರಣ ಪ್ರಮಾಣಪತ್ರಕ್ಕೆ ಹೋಗುತ್ತಾನೆ. ಪಿಂಚಣಿ, ವಿಮೆ, ಪಹಣಿಯ ಖಾತೆ ಬದಲಾವಣೆ ಎಲ್ಲಕ್ಕೂ ಆ ಪ್ರಮಾಣಪತ್ರವೇ ಮೂಲಾಧಾರ. ಪುಸ್ತಕದಲ್ಲಿ ಸತ್ತವರೆಲ್ಲರ ಹೆಸರಿದೆ. ಸುಟ್ಟವನ ಹೆಸರಿಗೆ ಅಂಕಣವಿಲ್ಲ. ಮಲೆನಾಡಿನಲ್ಲಿ ಅನೇಕ ಮನೆಗಳವರು ಸ್ವಂತ ಜಮೀನಿನಲ್ಲೇ ದಹನ ಮಾಡಿ, ಅಸ್ಥಿಯನ್ನು ಕೂಡಲಿಯ ಸಂಗಮಕ್ಕೆ ಒಯ್ಯುವುದರಿಂದ, ಅಂಥಲ್ಲಿ ಆ ಪುಸ್ತಕವೂ ಇಲ್ಲ.

ಮಹಾಮಾರಿಯ ಕಾಲವು, ಶವ ಮುಟ್ಟುವವನನ್ನು ಗುರುತಿಸದ ಈ ಕೊರತೆಯನ್ನು ಎಲ್ಲರ ಕಣ್ಣಿಗೂ ತಂದಿತು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೊರೋನಾದಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದ ದೃಶ್ಯವು ಹೊರಬಿದ್ದಾಗ ಜಿಲ್ಲಾಡಳಿತವು ಕ್ಷಮೆ ಕೋರಿತು. ಆ ತಂಡವನ್ನು ತೆಗೆದು, ವೈದ್ಯಕೀಯ ಕಾಲೇಜಿನ ವಿಧಿವಿಜ್ಞಾನ ವಿಭಾಗದಿಂದ ತರಬೇತಿ ಪಡೆದ ಬೇರೆ ತಂಡವನ್ನು ನೇಮಿಸುವುದಾಗಿ ಹೇಳಿತು. ಶವವನ್ನು ಮುಟ್ಟುವ ಕೆಲಸಕ್ಕೆ ತರಬೇತಿ ಬೇಕೆಂಬುದನ್ನು ಆಡಳಿತವೇ ಬಾಯಿಬಿಟ್ಟು ಒಪ್ಪಿದ ಗಳಿಗೆಯದು. ಮರುವರ್ಷ ಬೆಂಗಳೂರಿನ ವಿದ್ಯುತ್ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ, ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲು ಚಿತೆಗಳನ್ನು ಏರ್ಪಡಿಸಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಬೆಂಗಳೂರಿನ ಚಿತಾಗಾರ ನೌಕರರನ್ನು ಮನೆಗೆ ಕರೆದು ಉಪಾಹಾರ ನೀಡಿ, ಅವರನ್ನು ಸತ್ಯ ಹರಿಶ್ಚಂದ್ರ ಬಳಗವೆಂದು ಕರೆಯಬೇಕೆಂದರು. ಆ ಗೌರವವು ರಾಜಧಾನಿಯ ಎಲ್ಲೆಯನ್ನು ದಾಟಿ ಹಳ್ಳಿಯ ಮಸಣವನ್ನು ಮುಟ್ಟಬೇಕಾಗಿದೆ.

ಕರ್ನಾಟಕ ರಾಜ್ಯ ಮಸಣ ಕಾರ್ಮಿಕರ ಸಂಘವು ವರ್ಷಗಳಿಂದ ಕೇಳುತ್ತಿರುವುದು ಇದನ್ನೇ: ತಮ್ಮ ಗಣತಿಯಾಗಲಿ, ಕುಣಿ ತೋಡುವ ದಿನಕ್ಕೆ ಉದ್ಯೋಗ ಖಾತರಿಯಲ್ಲಿ ಕೂಲಿ ಸಿಗಲಿ, ಮುಪ್ಪಿನಲ್ಲಿ ಪಿಂಚಣಿ ಬರಲಿ. ವರ್ಜೀನಿಯಾದ ಮಾದರಿಯ ಪರೀಕ್ಷೆ, ಶುಲ್ಕಗಳನ್ನು ಇಲ್ಲಿ ತಂದರೆ, ತಲೆಮಾರುಗಳಿಂದ ದುಡಿದವನೇ ಹೊರಗುಳಿದಾನೆಂದು ನಾನು ಅಂಜುತ್ತೇನೆ. ಮೊದಲು ಹೆಸರು ದಾಖಲಾಗಲಿ. ಕೈಗವಸು, ತರಬೇತಿ, ನಿಗದಿಯಾದ ಕೂಲಿ ಅದರೊಡನೆಯೇ ಬರಲಿ. ವೀಕ್ಷಕರೆ, ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ, ನಿಮ್ಮ ಹಿರಿಯರಿಗೆ ಕುಣಿ ತೋಡಿದವರ ಹೆಸರು ಪಂಚಾಯತಿಯ ಯಾವ ಪುಸ್ತಕದಲ್ಲಿದೆಯೆಂದು ದಯವಿಟ್ಟು ಕೇಳಿರಿ.